ನೇತ್ರ ತಪಾಸಣಾ ಶಿಬಿರ: ಬಾರದವರನ್ನು ಕರೆತರುವ ಹೊಣೆ

(ಹೈದರಾಬಾದಿನ ನಮ್ಮ ಶಾಖಾ ಮಠದ ಆರಾಧನಾ ಮಹೋತ್ಸವದಲ್ಲಿ, ಉಚಿತ ನೇತ್ರ ತಪಾಸಣಾ ಶಿಬಿರದ ಹಿಂದಿನ ಸಂಜೆ ಮಾಡಿದ ಭಾಷಣದ ಲಿಖಿತ ರೂಪ)



ನಾಳೆ ಬೆಳಿಗ್ಗೆ ಇದೇ ಮಠದ ಭೋಜನಶಾಲೆಯಲ್ಲಿ ಉಚಿತ ನೇತ್ರ ತಪಾಸಣಾ ಶಿಬಿರ ನಡೆಯಲಿದೆ. ಪ್ರವಚನಕ್ಕೆ ಮೀಸಲಾದ ಈ ಸಂಜೆಯ ವೇಳೆಯಲ್ಲಿ ಅರ್ಧ ಗಂಟೆಯನ್ನು ನೇತ್ರವೈದ್ಯನಾದ ನನಗೆ ಬಿಟ್ಟುಕೊಟ್ಟಿರುವುದು ವ್ಯವಸ್ಥಾಪಕರ ಔದಾರ್ಯ. ಶಿಬಿರದ ಮಹತ್ತ್ವವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂಬುದು ಅವರ ಅಪೇಕ್ಷೆ. ಮಹತ್ತ್ವವನ್ನು ಹೇಳುವುದು ಸುಲಭ. ಕಣ್ಣು ಬೇಡವೆನ್ನುವವರು ಯಾರೂ ಇಲ್ಲ. ಆದ್ದರಿಂದ ನಾನು ಶಿಬಿರದ ಪ್ರಶಂಸೆಯನ್ನು ಬದಿಗಿಟ್ಟು, ಅದರ ಮಿತಿಯನ್ನೂ ಆ ಮಿತಿಯನ್ನು ಮೀರಲು ನಾವು ಮಾಡಬೇಕಾದ ಕೆಲಸವನ್ನೂ ತಮ್ಮಲ್ಲಿ ನಿವೇದಿಸಿಕೊಳ್ಳುತ್ತೇನೆ. ನಾಳೆ ಇಲ್ಲಿಯ ಸಾಲಿನಲ್ಲಿ ನಿಲ್ಲುವವರ ವಿಷಯದಲ್ಲಿ ನನಗೆ ಚಿಂತೆಯಿಲ್ಲ. ಸಾಲಿಗೆ ಬಾರದೆ ಮನೆಯಲ್ಲಿಯೇ ಉಳಿಯುವವರು ಯಾರು ಎಂಬುದೇ ನನ್ನ ಚಿಂತೆ.

ಕಣ್ಣಿನ ಶಿಬಿರವೆಂದೊಡನೆ ಕನ್ನಡಿಗರಿಗೆ ನೆನಪಾಗುವ ಹೆಸರು ಡಾ. ಎಂ. ಸಿ. ಮೋದಿಯವರದು. ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯವರಾದ ಅವರು ಆಸ್ಪತ್ರೆಯೇ ಊರೂರಿಗೆ ಹೋಗಬೇಕೆಂಬ ಸಂಕಲ್ಪ ತೊಟ್ಟು, ಸಂಚಾರಿ ನೇತ್ರ ಚಿಕಿತ್ಸಾಲಯದೊಂದಿಗೆ ಹಳ್ಳಿ ಪಟ್ಟಣಗಳನ್ನು ಸುತ್ತಿದರು. ಒಂದೊಂದು ಶಿಬಿರದಲ್ಲಿ ನೂರಾರು ಜನರ ಕಣ್ಣಿನ ಪೊರೆ ತೆಗೆದರು. 1968ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಭೂಷಣವನ್ನಿತ್ತು ಗೌರವಿಸಿತು. 2005ರಲ್ಲಿ ಅವರು ಕೀರ್ತಿಶೇಷರಾದರು. ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ದಪ್ಪ ಗಾಜಿನ ಕನ್ನಡಕ ಧರಿಸಿ ಓಡಾಡುತ್ತಿದ್ದ ಹಿರಿಯರು ಎಷ್ಟು ಮಂದಿ ಇದ್ದರೆಂಬುದು ಇಲ್ಲಿರುವ ಹಲವರಿಗೆ ಜ್ಞಾಪಕವಿರಬಹುದು. ಪೊರೆಯೊಡನೆ ಕಣ್ಣಿನ ಮಸೂರವನ್ನೇ ತೆಗೆದುಬಿಡುತ್ತಿದ್ದ ಕಾಲವದು. ಆ ಮಸೂರದ ಕೆಲಸವನ್ನು ಹೊರಗಿನ ದಪ್ಪ ಗಾಜು ಮಾಡಬೇಕಾಗಿತ್ತು.

ಇಂದು ಆ ಪದ್ಧತಿ ಬದಲಾಗಿದೆ. 1976ರಲ್ಲಿ ಕೇಂದ್ರ ಸರಕಾರವು ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಅದೇ ವರ್ಷ ಮದುರೈಯಲ್ಲಿ ಡಾ. ಜಿ. ವೆಂಕಟಸ್ವಾಮಿಯವರು 11 ಹಾಸಿಗೆಗಳ ಅರವಿಂದ್ ನೇತ್ರಾಲಯವನ್ನು ಸ್ಥಾಪಿಸಿದರು. ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗಿದ್ದರೂ ಶಸ್ತ್ರಚಿಕಿತ್ಸೆಯನ್ನು ಸಾಧಿಸಿದ ಆ ಮಹನೀಯರ ಸಂಸ್ಥೆಯು ಇಂದು ಜಗತ್ತಿನ ಅತಿ ದೊಡ್ಡ ನೇತ್ರ ಚಿಕಿತ್ಸಾ ಸಂಸ್ಥೆಗಳಲ್ಲಿ ಒಂದಾಗಿದೆ. ಅಲ್ಲಿಯದೇ ಅಂಗವಾದ ಆರೋಲ್ಯಾಬ್ 1992ರಲ್ಲಿ ಆರಂಭವಾಗಿ, ಕಣ್ಣಿನೊಳಗೆ ಇರಿಸುವ ಕೃತಕ ಮಸೂರವನ್ನು ಸ್ವದೇಶದಲ್ಲಿಯೇ ಅಗ್ಗದ ಬೆಲೆಗೆ ತಯಾರಿಸಲು ತೊಡಗಿತು. 1994ರಿಂದ 2002ರವರೆಗೆ ವಿಶ್ವಬ್ಯಾಂಕಿನ ನೆರವಿನಿಂದ ಏಳು ರಾಜ್ಯಗಳಲ್ಲಿ ನಡೆದ ಯೋಜನೆಯು ಈ ಮಸೂರದ ಶಸ್ತ್ರಚಿಕಿತ್ಸೆಗೆ ಒತ್ತುಕೊಟ್ಟಿತು. ಅಂದಿನ ಆಂಧ್ರಪ್ರದೇಶವೂ ಆ ಏಳರಲ್ಲಿ ಒಂದು. ಶಾಲೆ ಛತ್ರಗಳಲ್ಲಿ ಶಸ್ತ್ರಚಿಕಿತ್ಸೆ ಮಾಡುವ ಕ್ರಮ ಹಿಂದೆ ಸರಿದು, ಶಿಬಿರದಲ್ಲಿ ತಪಾಸಣೆ ಮಾತ್ರ, ಶಸ್ತ್ರಚಿಕಿತ್ಸೆ ಆಸ್ಪತ್ರೆಯಲ್ಲಿ ಎಂಬ ಕ್ರಮ ನೆಲೆಗೊಂಡಿತು. ಸೋಂಕಿನ ಭಯವಿರುವ ಕೆಲಸಕ್ಕೆ ಇದು ಸರಿಯಾದ ದಾರಿ.

ಆದರೆ ಈ ಬದಲಾವಣೆಯಿಂದ ಒಂದು ಹೊಸ ಹೊಣೆ ಹುಟ್ಟಿತು. ಹಿಂದೆ ಶಿಬಿರಕ್ಕೆ ಬಂದವರಿಗೆ ಅಲ್ಲಿಯೇ ಚಿಕಿತ್ಸೆ ದೊರೆಯುತ್ತಿತ್ತು. ಈಗ ಶಿಬಿರದಲ್ಲಿ ದೊರೆಯುವುದು ಒಂದು ಚೀಟಿ. 'ಆಸ್ಪತ್ರೆಗೆ ಹೋಗಿ' ಎಂಬ ಸೂಚನೆ. ಆ ಚೀಟಿ ಮತ್ತು ಆಸ್ಪತ್ರೆಯ ನಡುವಿನ ದಾರಿಯನ್ನು ಯಾರು ನಡೆಸಿಕೊಡುವರು? ನನ್ನ ಭಾಷಣವೆಲ್ಲ ಈ ಒಂದು ಪ್ರಶ್ನೆಯ ಸುತ್ತ.

ತಪಾಸಣೆ ಎಂದರೇನೆಂಬುದನ್ನು ಮೊದಲು ತಿಳಿದುಕೊಳ್ಳೋಣ. ಅದು ರೋಗನಿರ್ಣಯವಲ್ಲ, ಚಿಕಿತ್ಸೆಯೂ ಅಲ್ಲ. ಅಕ್ಕಿಯನ್ನು ಜರಡಿ ಹಿಡಿದಂತೆ, ಆರೋಗ್ಯವಂತರೆಂದು ತೋರುವ ಬಹುಜನರಲ್ಲಿ ತೊಂದರೆಯ ಸಂಶಯವಿರುವ ಕೆಲವರನ್ನು ಬೇರ್ಪಡಿಸುವ ಕೆಲಸ. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ ಎಂಬ ಇಬ್ಬರು ತಜ್ಞರು ಇಂತಹ ತಪಾಸಣೆಗೆ ಇರಬೇಕಾದ ಲಕ್ಷಣಗಳನ್ನು ನಿರೂಪಿಸಿದರು. ಅವುಗಳ ಸಾರವನ್ನು ಸರಳವಾಗಿ ಹೇಳುವುದಾದರೆ: ಕಾಯಿಲೆ ಮುಖ್ಯವಾದುದಾಗಿರಬೇಕು, ಅದಕ್ಕೆ ತೋರಿಕೆಯಿಲ್ಲದ ಆರಂಭದ ಹಂತವೊಂದಿರಬೇಕು, ಪರೀಕ್ಷೆ ಸರಳವಾಗಿರಬೇಕು, ಪತ್ತೆಯಾದವರಿಗೆ ಚಿಕಿತ್ಸೆ ದೊರೆಯುವಂತಿರಬೇಕು. ಈ ಕೊನೆಯದು ಇಲ್ಲದಿದ್ದರೆ ತಪಾಸಣೆಯಿಂದ ಜನರಿಗೆ ಲಭಿಸುವುದು ಚಿಂತೆ ಮಾತ್ರ.

ಈ ಮಾನದಂಡದಿಂದ ನೋಡಿದರೆ ಕಣ್ಣಿನಷ್ಟು ತಪಾಸಣೆಗೆ ಯೋಗ್ಯವಾದ ಅಂಗ ಇನ್ನೊಂದಿಲ್ಲ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 50 ವರ್ಷ ಮೀರಿದವರಲ್ಲಿ ಶೇಕಡಾ 1.99 ಜನ ಅಂಧರು. ಎಲ್ಲ ವಯಸ್ಸಿನವರನ್ನು ಸೇರಿಸಿದರೆ ಶೇಕಡಾ 0.36. ಅಂಧತ್ವವನ್ನು ಅಳೆಯುವ ಮಾನದಂಡವು 2017ರಲ್ಲಿ ಬದಲಾದುದರಿಂದ ಹಳೆಯ ಅಂಕಿಗಳೊಡನೆ ಇದನ್ನು ನೇರವಾಗಿ ಹೋಲಿಸುವುದು ಸಲ್ಲದು. ಆದರೆ ಮುಖ್ಯವಾದ ಮಾತು ಬೇರೆಯಿದೆ. ಆ 50 ಮೀರಿದವರ ಅಂಧತ್ವಕ್ಕೆ ಶೇಕಡಾ 66.2ರಷ್ಟು ಕಾರಣ, ಚಿಕಿತ್ಸೆ ಪಡೆಯದ ಕಣ್ಣಿನ ಪೊರೆ. ಪುರುಷರಿಗಿಂತ ಮಹಿಳೆಯರಲ್ಲಿಯೇ ಅಂಧತ್ವ ಹೆಚ್ಚು ಎಂದೂ ಅದೇ ಸಮೀಕ್ಷೆ ತೋರಿಸಿತು. ಪೊರೆಯ ಶಸ್ತ್ರಚಿಕಿತ್ಸೆ ಇಂದು ಅಲ್ಪಕಾಲದಲ್ಲಿ ಮುಗಿಯುವಂಥದು. ಬಹುಪಾಲು ಜನರು ಅದೇ ದಿನ ಮನೆಗೆ ಮರಳುತ್ತಾರೆ. ಹೀಗಿದ್ದೂ ಇಷ್ಟು ಜನ ಕತ್ತಲೆಯಲ್ಲಿ ಕುಳಿತಿರುವುದು ವೈದ್ಯಶಾಸ್ತ್ರದ ಕೊರತೆಯಿಂದಲ್ಲ.

ನಾವಿರುವ ಈ ಭಾಗ್ಯನಗರದ ಅನುಭವವೂ ಇದನ್ನೇ ಹೇಳುತ್ತದೆ. ಚಲನಚಿತ್ರ ನಿರ್ಮಾಪಕ ಎಲ್. ವಿ. ಪ್ರಸಾದ್ ಅವರ ಕುಟುಂಬದ ದಾನದಿಂದ, ಡಾ. ಗುಲ್ಲಪಲ್ಲಿ ನಾಗೇಶ್ವರರಾವ್ ಅವರ ನೇತೃತ್ವದಲ್ಲಿ 1987ರಲ್ಲಿ ಇಲ್ಲಿ ಆರಂಭವಾದ ನೇತ್ರ ಸಂಸ್ಥೆಯನ್ನು ತಾವೆಲ್ಲರೂ ಬಲ್ಲಿರಿ. ಆ ಸಂಸ್ಥೆಯವರು 1996ರಿಂದ 2000ದವರೆಗೆ ಹೈದರಾಬಾದ್ ನಗರದಲ್ಲೂ ಮೂರು ಗ್ರಾಮೀಣ ಪ್ರದೇಶಗಳಲ್ಲೂ 10,293 ಜನರ ಕಣ್ಣುಗಳನ್ನು ಕೂಲಂಕಷವಾಗಿ ಪರೀಕ್ಷಿಸಿದರು. ಅವರಲ್ಲಿ ಅಂಧತ್ವದ ಪ್ರಮಾಣ ಶೇಕಡಾ 1.84 ಎಂದು ಕಂಡುಬಂತು. ಅದರ ಕಾರಣಗಳಲ್ಲಿ ಪೊರೆಯ ಪಾಲು ಶೇಕಡಾ 44. ಕೇವಲ ಕನ್ನಡಕದ ಅಭಾವ ಮುಂತಾದ ವಕ್ರೀಭವನ ದೋಷಗಳ ಪಾಲು ಶೇಕಡಾ 16.3. ಎರಡನ್ನೂ ಕೂಡಿಸಿದರೆ ಅರವತ್ತಕ್ಕೆ ಮಿಕ್ಕುತ್ತದೆ. ಅಂದರೆ ದೃಷ್ಟಿಯಿಲ್ಲದ ಐವರಲ್ಲಿ ಮೂವರಿಗೆ ಬೇಕಾಗಿದ್ದುದು ಒಂದು ಸರಳ ಶಸ್ತ್ರಚಿಕಿತ್ಸೆ ಅಥವಾ ಒಂದು ಜೊತೆ ಕನ್ನಡಕ.

ಇದನ್ನು ಮನಗಂಡು ಆ ಸಂಸ್ಥೆಯು ಸುಮಾರು 50,000 ಜನಸಂಖ್ಯೆಗೆ ಒಂದರಂತೆ ಗ್ರಾಮಗಳಲ್ಲಿ ದೃಷ್ಟಿ ಕೇಂದ್ರಗಳನ್ನು ತೆರೆಯುವ ಕ್ರಮವನ್ನು ಕೈಗೊಂಡಿತು. ಸರಕಾರದ ಮಟ್ಟದಲ್ಲಿಯೂ ದೊಡ್ಡ ಪ್ರಯತ್ನವಾಯಿತು. 2018ರ ಆಗಸ್ಟ್ 15ರಂದು ತೆಲಂಗಾಣ ಸರಕಾರವು 'ಕಂಟಿ ವೆಲುಗು', ಎಂದರೆ 'ಕಣ್ಣಿನ ಬೆಳಕು', ಎಂಬ ಯೋಜನೆಯನ್ನು ಮೆದಕ್ ಜಿಲ್ಲೆಯ ಮಲ್ಕಾಪುರದಲ್ಲಿ ಆರಂಭಿಸಿ, ಮೊದಲ ಹಂತದಲ್ಲಿ ಒಂದೂವರೆ ಕೋಟಿಗೂ ಹೆಚ್ಚು ಜನರ ಕಣ್ಣುಗಳನ್ನು ಪರೀಕ್ಷಿಸಿತು. ಎರಡನೆಯ ಹಂತ 2023ರ ಜನವರಿಯಲ್ಲಿ ಖಮ್ಮಂನಲ್ಲಿ ಆರಂಭವಾಯಿತು. ಇಲ್ಲಿರುವ ಹಲವರಿಗೆ ಆಗ ತಮ್ಮ ಬಡಾವಣೆಯಲ್ಲಿಯೇ ಓದುವ ಕನ್ನಡಕ ಉಚಿತವಾಗಿ ದೊರೆತಿರಬಹುದು.

ಸಜ್ಜನರೇ, ಇನ್ನು ಶಿಬಿರದಲ್ಲಿ ಪತ್ತೆಯಾಗಬಹುದಾದ ತೊಂದರೆಗಳನ್ನು ಅವುಗಳ ತುರ್ತನ್ನು ಅನುಸರಿಸಿ ವಿವರಿಸುತ್ತೇನೆ. ಏಕೆಂದರೆ ಎಲ್ಲ ಕಣ್ಣಿನ ಕಾಯಿಲೆಗಳಿಗೂ ಒಂದೇ ಗಡಿಯಾರವಿಲ್ಲ.

ಮೊದಲನೆಯದು ಚಾಳೀಸು. ನಲವತ್ತು ದಾಟಿದೊಡನೆ ಪುಸ್ತಕವನ್ನು ಕೈಚಾಚಿ ದೂರ ಹಿಡಿಯುವ ಸ್ಥಿತಿ. ಇದು ರೋಗವಲ್ಲ, ವಯೋಧರ್ಮ. ಆದರೂ ಇದನ್ನು ಲಘುವಾಗಿ ಎಣಿಸಬಾರದು. ಅಸ್ಸಾಮಿನ ಚಹಾ ತೋಟಗಳ ಕೆಲಸಗಾರರಿಗೆ ಹತ್ತಿರದ ಕನ್ನಡಕ ಕೊಟ್ಟು ನಡೆಸಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕನ್ನಡಕ ಪಡೆದವರ ಉತ್ಪಾದನೆ, ಪಡೆಯದವರಿಗಿಂತ ಶೇಕಡಾ 21.7ರಷ್ಟು ಹೆಚ್ಚಿತ್ತು. ನಮ್ಮ ಮನೆಗಳಲ್ಲಿ ಅಕ್ಕಿಯ ಕಲ್ಲು ಆರಿಸುವವರು, ಹೂಬತ್ತಿ ಹೊಸೆಯುವವರು, ಸೂಜಿಗೆ ದಾರ ಪೋಣಿಸುವವರು ಇದೇ ಕಷ್ಟವನ್ನು ಮೌನವಾಗಿ ಅನುಭವಿಸುತ್ತಿದ್ದಾರೆ. ನಿತ್ಯ ಪಾರಾಯಣ ಮಾಡುವ ಹಿರಿಯರು ಸಣ್ಣ ಅಕ್ಷರ ಕಾಣದೆ ಪುಸ್ತಕವನ್ನು ಮುಚ್ಚಿಟ್ಟು, ಬಾಯಿಪಾಠವಿದ್ದಷ್ಟನ್ನೇ ಹೇಳಿಕೊಳ್ಳತೊಡಗಿದರೆ, ಮನೆಯವರು ಅದನ್ನು ಗಮನಿಸಬೇಕು.

ಎರಡನೆಯದು ಪೊರೆ. ಇದು ನಿಧಾನವಾಗಿ ಬೆಳೆಯುತ್ತದೆ. ಕೆಲವು ವಾರಗಳ ವಿಳಂಬದಿಂದ ಸಾಮಾನ್ಯವಾಗಿ ಹಾನಿಯಿಲ್ಲ. ಆದರೆ 'ಪೊರೆ ಚೆನ್ನಾಗಿ ಬಲಿಯಲಿ, ಆಮೇಲೆ ತೆಗೆಸೋಣ' ಎಂಬ ಹಳೆಯ ಮಾತು ಇಂದಿನ ಶಸ್ತ್ರಚಿಕಿತ್ಸೆಗೆ ಅನ್ವಯಿಸುವುದಿಲ್ಲ. ಅತಿಯಾಗಿ ಬಲಿತ ಪೊರೆ ಕಣ್ಣಿನೊಳಗಿನ ಒತ್ತಡವನ್ನೇರಿಸಿ, ತೀವ್ರ ನೋವನ್ನುಂಟುಮಾಡಿ, ದೃಷ್ಟಿನರವನ್ನೇ ಕೆಡಿಸಬಲ್ಲದು. ನಿತ್ಯದ ಕೆಲಸಕ್ಕೆ ಅಡ್ಡಿಯಾದಾಗಲೇ ಅದಕ್ಕೆ ಸರಿಯಾದ ಕಾಲ.

ಮೂರನೆಯದು ಗ್ಲಾಕೋಮಾ. ಇದಕ್ಕೆ ಕಳ್ಳನ ನಡಿಗೆ. ಕಣ್ಣಿನ ಒಳಗಿನ ಒತ್ತಡ ಮುಂತಾದ ಕಾರಣಗಳಿಂದ ದೃಷ್ಟಿನರವು ಕ್ರಮೇಣ ಸವೆಯುತ್ತದೆ. ಬಹುಪಾಲು ಜನರಿಗೆ ನೋವಿಲ್ಲ, ಕೆಂಪಿಲ್ಲ. ಸುತ್ತಲಿನ ನೋಟ ಅಂಚಿನಿಂದ ಕುಗ್ಗುತ್ತ ಬರುತ್ತದೆ. ನಡುವಿನ ನೋಟ ಕೊನೆಯವರೆಗೂ ಉಳಿದಿರುವುದರಿಂದ ಗೋಡೆಯ ಮೇಲಿನ ಅಕ್ಷರಪಟ್ಟಿಯ ಕೊನೆಯ ಸಾಲನ್ನೂ ಅವರು ಓದಿಬಿಡುತ್ತಾರೆ. ದಕ್ಷಿಣ ಭಾರತದಲ್ಲಿ ನಡೆದ ಸಮೀಕ್ಷೆಗಳಲ್ಲಿ ಗ್ಲಾಕೋಮಾ ಇದ್ದ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿಗೆ ತಮಗೆ ಆ ಕಾಯಿಲೆಯಿದೆ ಎಂಬುದೇ ತಿಳಿದಿರಲಿಲ್ಲ. ಪೊರೆಯಿಂದ ಹೋದ ದೃಷ್ಟಿ ಮರಳುತ್ತದೆ. ಗ್ಲಾಕೋಮಾದಿಂದ ಹೋದ ದೃಷ್ಟಿ ಎಂದಿಗೂ ಮರಳುವುದಿಲ್ಲ. ಉಳಿದಿರುವುದನ್ನು ಕಾಪಾಡಿಕೊಳ್ಳುವುದೊಂದೇ ದಾರಿ. ಆದ್ದರಿಂದ ಅಕ್ಷರಪಟ್ಟಿ ಮತ್ತು ಟಾರ್ಚಿನ ಬೆಳಕಷ್ಟೇ ಇರುವ ಶಿಬಿರದಲ್ಲಿ 'ಕಣ್ಣು ಸರಿಯಿದೆ' ಎಂದರೆ ಗ್ಲಾಕೋಮಾ ಇಲ್ಲವೆಂದು ಅರ್ಥವಲ್ಲ. ಕಣ್ಣಿನ ಒತ್ತಡವನ್ನು ಅಳೆದು, ದೃಷ್ಟಿನರದ ಮುಖವನ್ನು ನೋಡಿದ ಮೇಲೆಯೇ ಏನಾದರೂ ಹೇಳಲು ಸಾಧ್ಯ. ತಂದೆ, ತಾಯಿ, ಒಡಹುಟ್ಟಿದವರು ಇವರಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ, ನಲವತ್ತರ ನಂತರ ಉಳಿದವರೂ ನಿಯಮಿತವಾಗಿ ಈ ಪರೀಕ್ಷೆಯನ್ನು ಮಾಡಿಸಿಕೊಳ್ಳಬೇಕು. ಕಣ್ಣು ಕೆಂಪಾಯಿತೆಂದು ಔಷಧದ ಅಂಗಡಿಯಿಂದ ಕೇಳಿ ತಂದ ಸ್ಟೀರಾಯ್ಡ್ ಹನಿಗಳನ್ನು ತಿಂಗಳುಗಟ್ಟಲೆ ಹಾಕಿಕೊಳ್ಳುವುದರಿಂದಲೂ ಗ್ಲಾಕೋಮಾ ಬರುತ್ತದೆ ಎಂಬುದನ್ನು ದಯವಿಟ್ಟು ನೆನಪಿಡಿ.

ನಾಲ್ಕನೆಯದು ಮಧುಮೇಹದಿಂದ ಅಕ್ಷಿಪಟಲಕ್ಕೆ ಬರುವ ಹಾನಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವೊಂದು 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ನಮ್ಮ ದೇಶದಲ್ಲಿ ಮಧುಮೇಹಿಗಳು 10 ಕೋಟಿಗೂ ಹೆಚ್ಚು. 2015ರಿಂದ 2019ರ ಸಮೀಕ್ಷೆಯಲ್ಲಿ, 50 ಮೀರಿದ ಮಧುಮೇಹಿಗಳಲ್ಲಿ ಶೇಕಡಾ 16.9 ಜನರ ಅಕ್ಷಿಪಟಲದಲ್ಲಿ ಈ ಹಾನಿ ಕಂಡುಬಂತು. ಇಲ್ಲಿಯೂ ಆರಂಭದಲ್ಲಿ ನೋಟ ಸ್ಪಷ್ಟವಾಗಿಯೇ ಇರುತ್ತದೆ. ನೋಟ ಮಂಜಾಗುವ ಹೊತ್ತಿಗೆ ರಕ್ತಸ್ರಾವವೋ ಊತವೋ ಆಗಿರುತ್ತದೆ. ಕಾಲದಲ್ಲಿ ಪತ್ತೆಯಾದರೆ ಲೇಸರ್ ಕಿರಣ, ಕಣ್ಣಿನೊಳಗಿನ ಚುಚ್ಚುಮದ್ದು ಮುಂತಾದ ಚಿಕಿತ್ಸೆಗಳಿಂದ ದೃಷ್ಟಿಯನ್ನು ಉಳಿಸಬಹುದು. ವಯಸ್ಕರಲ್ಲಿ ಬರುವ ಮಧುಮೇಹ ಪತ್ತೆಯಾದ ದಿನವೇ ಕಣ್ಣಿನ ಹಿಂಭಾಗದ ಪರೀಕ್ಷೆ ಆಗಬೇಕು, ಅನಂತರ ವರ್ಷಕ್ಕೊಮ್ಮೆ. ಈಗ ಅಕ್ಷಿಪಟಲದ ಛಾಯಾಚಿತ್ರ ತೆಗೆಯುವ ಸಣ್ಣ ಕ್ಯಾಮರಾಗಳು ಬಂದಿವೆ. ಚಿತ್ರವನ್ನು ನೋಡಿ ಸಂಶಯವಿದ್ದವರನ್ನು ಬೇರ್ಪಡಿಸುವ ಗಣಕಯಂತ್ರದ ತಂತ್ರಾಂಶಗಳೂ ಬಂದಿವೆ. ನಾಳೆಯ ಶಿಬಿರಕ್ಕೆ ಅಂತಹ ಕ್ಯಾಮರಾವೊಂದನ್ನು ತರಿಸಲಾಗಿದೆ. ಮಧುಮೇಹವಿರುವವರು ತಮ್ಮ ಸಕ್ಕರೆಯ ಪರೀಕ್ಷೆಯ ಚೀಟಿಯನ್ನು ತಪ್ಪದೆ ತರಬೇಕು.

ಐದನೆಯದು ಮಕ್ಕಳ ಕಣ್ಣು. ಇಲ್ಲಿ ಗಡಿಯಾರ ಅತ್ಯಂತ ವೇಗವಾಗಿ ಓಡುತ್ತದೆ. ಒಂದು ಕಣ್ಣಿನ ನೋಟ ಮಸುಕಾಗಿದ್ದರೆ ಮಗುವಿನ ಮೆದುಳು ಆ ಕಣ್ಣನ್ನು ಬಳಸುವುದನ್ನೇ ಬಿಟ್ಟುಬಿಡುತ್ತದೆ. ಏಳೆಂಟು ವರ್ಷಗಳೊಳಗೆ ಕನ್ನಡಕ ಕೊಟ್ಟು, ಸರಿಯಿರುವ ಕಣ್ಣನ್ನು ದಿನಕ್ಕೆ ಕೆಲವು ಗಂಟೆ ಮುಚ್ಚಿ ಅಭ್ಯಾಸ ಮಾಡಿಸಿದರೆ ಸೋಮಾರಿಯಾದ ಕಣ್ಣು ಚೇತರಿಸಿಕೊಳ್ಳುತ್ತದೆ. ಅನಂತರ ಬಂದರೆ ಫಲ ಬಹಳ ಕಡಿಮೆ. ಮೆಳ್ಳೆಗಣ್ಣನ್ನು ಅದೃಷ್ಟದ ಕುರುಹೆಂದು ಸಂತೋಷಪಡುವ ಮನೆಗಳು ಇಂದಿಗೂ ಇವೆ. ಅದು ಚಿಕಿತ್ಸೆಯನ್ನು ಬೇಡುವ ಲಕ್ಷಣ. ದೆಹಲಿಯ ಶಾಲಾ ಮಕ್ಕಳ ಮೇಲೆ ನಡೆಸಿದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇಕಡಾ 13.1 ಮಕ್ಕಳಿಗೆ ದೂರದ ವಸ್ತು ಮಸುಕಾಗಿ ಕಾಣುವ ದೋಷವಿತ್ತು. ಬಯಲಿನಲ್ಲಿ ಹೆಚ್ಚು ಹೊತ್ತು ಆಡುವ ಮಕ್ಕಳಲ್ಲಿ ಅದು ಕಡಿಮೆಯಿತ್ತು. ಪಾಠ, ಸಂಗೀತ, ಗಣಕಯಂತ್ರ, ಮೊಬೈಲು ಎಂದು ಮಕ್ಕಳನ್ನು ನಾಲ್ಕು ಗೋಡೆಗಳ ನಡುವೆ ಕೂರಿಸುವ ತಂದೆತಾಯಿಯರು ದಿನಕ್ಕೆರಡು ಗಂಟೆ ಅವರನ್ನು ಬಿಸಿಲು ಬೆಳಕಿಗೆ ಬಿಡಬೇಕೆಂದು ಕೋರುತ್ತೇನೆ.

ಇನ್ನೂ ಎಳೆಯ ಕಂದಮ್ಮಗಳ ವಿಷಯ. ಅವಧಿಗೆ ಮೊದಲೇ ಹುಟ್ಟಿದ ಶಿಶುಗಳಲ್ಲಿ, ಮುಖ್ಯವಾಗಿ 34 ವಾರ ತುಂಬುವ ಮೊದಲು ಹುಟ್ಟಿದವು ಅಥವಾ 2,000 ಗ್ರಾಂಗಿಂತ ಕಡಿಮೆ ತೂಕವಿದ್ದವುಗಳಲ್ಲಿ, ಅಕ್ಷಿಪಟಲದ ರಕ್ತನಾಳಗಳು ತಪ್ಪಾಗಿ ಬೆಳೆದು ಅಂಧತ್ವ ಬರಬಹುದು. ಹುಟ್ಟಿ 30 ದಿನಗಳು ಕಳೆಯುವುದರೊಳಗೆ ಮೊದಲ ಪರೀಕ್ಷೆ ಆಗಲೇಬೇಕು. ತೀರ ಸಣ್ಣ ಶಿಶುಗಳಿಗೆ ಇನ್ನೂ ಮೊದಲೇ. ಈ ವಿಷಯದಲ್ಲಿ ಕರ್ನಾಟಕ ದಾರಿ ತೋರಿಸಿದೆ. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯವು 'ಕಿಡ್‌ರಾಪ್' ಎಂಬ ಯೋಜನೆಯನ್ನು ಆರಂಭಿಸಿ, ತರಬೇತಿ ಪಡೆದ ತಂತ್ರಜ್ಞರನ್ನು ಕ್ಯಾಮರಾದೊಂದಿಗೆ ಜಿಲ್ಲೆಗಳ ಶಿಶು ಘಟಕಗಳಿಗೆ ಕಳುಹಿಸಿತು. ಅಲ್ಲಿ ತೆಗೆದ ಚಿತ್ರಗಳನ್ನು ದೂರದಲ್ಲಿ ಕುಳಿತ ತಜ್ಞರು ನೋಡಿ ಸಲಹೆ ಕೊಡುವ ಕ್ರಮವದು. ತಮ್ಮ ಬಂಧುಗಳ ಮನೆಯಲ್ಲಿ ಇಂತಹ ಶಿಶು ಜನಿಸಿದರೆ, ನಾಮಕರಣದ ಸಿದ್ಧತೆಯ ಸಂಭ್ರಮದಲ್ಲಿ ಈ ಪರೀಕ್ಷೆಯ ದಿನ ತಪ್ಪಿಹೋಗದಿರಲಿ.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ಸೋದರಮಾವ, ಸೋದರತ್ತೆಯ ಮಕ್ಕಳು ಎಂದು ಹತ್ತಿರದ ರಕ್ತಸಂಬಂಧದಲ್ಲಿ ವಿವಾಹವಾಗುವ ರೂಢಿ ನಮ್ಮ ದಕ್ಷಿಣದಲ್ಲಿ ಬಹುಕಾಲದಿಂದ ಇದೆ. ಇದರಿಂದ ಅಕ್ಷಿಪಟಲದ ಕೆಲವು ಆನುವಂಶಿಕ ರೋಗಗಳ ಸಂಭವ ಹೆಚ್ಚುತ್ತದೆ. ಅಂತಹ ಕುಟುಂಬದ ಮಗುವು ಸಂಜೆಯ ಮಬ್ಬಿನಲ್ಲಿ ಎಡವುತ್ತಿದ್ದರೆ, ತಡಮಾಡದೆ ತೋರಿಸಬೇಕು.

ಈಗ ಮೊದಲಿನ ಪ್ರಶ್ನೆಗೆ ಮರಳುತ್ತೇನೆ. ಇಷ್ಟೆಲ್ಲ ಸೌಲಭ್ಯವಿದ್ದೂ ಜನರೇಕೆ ಬರುವುದಿಲ್ಲ? ತಮಿಳುನಾಡಿನ ಗ್ರಾಮಗಳಲ್ಲಿ ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಶಿಬಿರಗಳನ್ನು ನಡೆಸುವವರೆಲ್ಲರ ಕಣ್ಣು ತೆರೆಸಿತು. ತಮ್ಮ ಊರಿನ ಬಳಿಯಲ್ಲಿಯೇ ಶಿಬಿರ ನಡೆದಿದ್ದರೂ, ಕಣ್ಣಿನ ತೊಂದರೆಯಿದ್ದ ನೂರು ಜನರಲ್ಲಿ ಅಲ್ಲಿಗೆ ಬಂದವರು ಸುಮಾರು ಏಳು ಮಂದಿ ಮಾತ್ರ. ಶಿಬಿರದ ಅಂಗಳ ತುಂಬಿತ್ತೆಂದು ಸಂತೋಷಪಡುವ ನಾವು, ಮನೆಯಲ್ಲಿಯೇ ಉಳಿದ ತೊಂಬತ್ತಮೂರು ಮಂದಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ಅದು ಹಳ್ಳಿಯ ಮಾತು, ನಮಗೇನು ಎನ್ನಬೇಡಿ. ನಮ್ಮ ಮನೆಗಳಲ್ಲಿ ಕಾರಣಗಳು ಬೇರೆ, ಫಲ ಒಂದೇ. 'ವಯಸ್ಸಾಯಿತಲ್ಲ, ಇನ್ನೇನು ನೋಡುವುದಿದೆ' ಎನ್ನುವ ಅಜ್ಜಿ. ಮಗ ಅಮೆರಿಕದಲ್ಲಿ, ಮಗಳು ಪುಣೆಯಲ್ಲಿ; ಅವರಿಗೆ ತಿಳಿಸಿದರೆ ರಜೆ ಹಾಕಿ ಬರಬೇಕಾದೀತೆಂದು ಮುಚ್ಚಿಡುವ ದಂಪತಿಗಳು. ಸೊಸೆ ಕೆಲಸಕ್ಕೆ ಹೋಗುತ್ತಾಳೆ, ಅವಳಿಗೇಕೆ ತೊಂದರೆ ಎಂದು ಗೋಡೆ ಹಿಡಿದು ನಡೆಯುವ ಅತ್ತೆ. ಅಡುಗೆ ಮನೆಯ ಪ್ರತಿಯೊಂದು ಡಬ್ಬಿಯ ಜಾಗವನ್ನೂ ಕೈಯೇ ಬಲ್ಲದಾದ್ದರಿಂದ, ಕಣ್ಣು ಕಾಣದಿರುವುದು ಮನೆಯವರಿಗೆ ಎಷ್ಟೋ ಕಾಲ ತಿಳಿಯುವುದೇ ಇಲ್ಲ. ಸಾರಿಗೆ ಉಪ್ಪು ಎರಡು ಸಲ ಬಿದ್ದಾಗ ಅವರ ಮರೆವನ್ನು ದೂರುತ್ತೇವೆ, ಕಣ್ಣನ್ನು ಸಂಶಯಿಸುವುದಿಲ್ಲ.

ಆಚಾರನಿಷ್ಠರಲ್ಲಿ ಇನ್ನೆರಡು ಆತಂಕಗಳುಂಟು. ಪೊರೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಕೆಲವು ದಿನ ತಲೆಯ ಮೇಲೆ ನೀರು ಹಾಕಿಕೊಳ್ಳಬಾರದು ಎನ್ನುತ್ತೇವೆ. ಮಡಿಗೆ ಭಂಗವಾಗುವುದೆಂದು ಎಷ್ಟೋ ಹಿರಿಯರು ವರ್ಷಗಟ್ಟಲೆ ಶಸ್ತ್ರಚಿಕಿತ್ಸೆಯನ್ನು ಮುಂದೂಡುತ್ತಾರೆ. ಕಣ್ಣಿಗೆ ನೀರು ಸೋಕಬಾರದೆಂಬುದಷ್ಟೇ ವೈದ್ಯರ ನಿಯಮ; ಕತ್ತಿನಿಂದ ಕೆಳಗಿನ ಸ್ನಾನಕ್ಕೆ ಅಡ್ಡಿಯಿಲ್ಲ. ಎರಡನೆಯದು ಏಕಾದಶಿ. ನಿರಾಹಾರವಿರುವವರು ಆ ದಿನ ಗ್ಲಾಕೋಮಾದ ಹನಿಯನ್ನೂ ಬಿಟ್ಟುಬಿಡುತ್ತಾರೆ. ಆ ಹನಿಯ ಪರಿಣಾಮ ಅದರ ಕಾಲಾವಧಿ ಇರುವಷ್ಟು ಹೊತ್ತು ಮಾತ್ರ. ಬಿಟ್ಟ ದಿನ ಕಣ್ಣಿನ ಒತ್ತಡ ಮತ್ತೆ ಏರುತ್ತದೆ. ತಿಂಗಳಿಗೆ ಎರಡು ದಿನವೆಂದರೆ ವರ್ಷಕ್ಕೆ ಇಪ್ಪತ್ತನಾಲ್ಕು ದಿನ ದೃಷ್ಟಿನರವನ್ನು ರಕ್ಷಣೆಯಿಲ್ಲದೆ ಬಿಟ್ಟಂತಾಯಿತು. ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಗಳು ಉಪವಾಸಕ್ಕೆ ಮುನ್ನ ತಮ್ಮ ವೈದ್ಯರ ಸಲಹೆಯನ್ನು ಪಡೆಯಲೇಬೇಕು. ಧರ್ಮಸೂಕ್ಷ್ಮವನ್ನು ಹೇಳುವ ಅಧಿಕಾರ ನನಗಿಲ್ಲ. ಸಂದೇಹವಿರುವವರು ಇಲ್ಲಿ ಉಪಸ್ಥಿತರಿರುವ ವಿದ್ವಾಂಸರನ್ನು ನೇರವಾಗಿ ಕೇಳಿ ಪರಿಹರಿಸಿಕೊಳ್ಳಲಿ; ಕೇಳದೆ ತಾವೇ ಔಷಧವನ್ನು ನಿಲ್ಲಿಸುವುದು ಮಾತ್ರ ಬೇಡ.

ಆದ್ದರಿಂದ ಮೂರು ಸೇವೆಗಳನ್ನು ತಮ್ಮಲ್ಲಿ ಯಾಚಿಸುತ್ತೇನೆ.

ಮೊದಲನೆಯದು ಇಂದು ರಾತ್ರಿಯೇ ಮಾಡಬಹುದಾದುದು. ಮನೆಗೆ ಹೋದೊಡನೆ ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರಿನ ಮುಂದೆ ಮನೆಯ ಪ್ರತಿಯೊಬ್ಬರನ್ನೂ ನಿಲ್ಲಿಸಿ. ಒಂದು ಕಣ್ಣನ್ನು ಅಂಗೈಯಿಂದ, ಒತ್ತದೆ, ಮುಚ್ಚಿಸಿ. ತಿಥಿ ನಕ್ಷತ್ರಗಳನ್ನು ಓದಲು ಹೇಳಿ. ಅನಂತರ ಇನ್ನೊಂದು ಕಣ್ಣು. ಎರಡು ಕಣ್ಣುಗಳೂ ತೆರೆದಿರುವಾಗ ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಮರೆಮಾಡುತ್ತದೆ. ಎಷ್ಟೋ ಜನರಿಗೆ ಒಂದು ಕಣ್ಣು ಹೋಗಿ ವರ್ಷಗಳಾದರೂ ತಿಳಿದಿರುವುದಿಲ್ಲ. ಇದು ವೈದ್ಯರ ಪರೀಕ್ಷೆಗೆ ಬದಲಿಯಲ್ಲ, ಆದರೆ ಯಾರನ್ನು ಮೊದಲು ಕರೆತರಬೇಕೆಂಬುದನ್ನು ಇದು ಹೇಳುತ್ತದೆ.

ಎರಡನೆಯದು, ನಾಳೆ ಬರುವಾಗ ಪ್ರತಿಯೊಬ್ಬರೂ ತಮ್ಮೊಡನೆ ಒಬ್ಬರನ್ನು ಕರೆತನ್ನಿ. ತಮ್ಮ ಮನೆಯ ಹಿರಿಯರು, ಪಕ್ಕದ ಮನೆಯಲ್ಲಿ ಒಬ್ಬರೇ ಇರುವ ವೃದ್ಧರು, ತಮ್ಮ ಮನೆಗೆಲಸಕ್ಕೆ ಬರುವ ಹೆಣ್ಣುಮಗಳು, ಅಪಾರ್ಟ್‌ಮೆಂಟಿನ ಕಾವಲುಗಾರ, ಆಟೋ ಚಾಲಕ ಯಾರಾದರೂ ಸರಿ. ಕಣ್ಣಿಗೆ ಜಾತಿ ಭಾಷೆಗಳ ಭೇದವಿಲ್ಲ. ಶಿಬಿರಕ್ಕೂ ಇಲ್ಲವೆಂದು ವ್ಯವಸ್ಥಾಪಕರು ಈಗಾಗಲೇ ಪ್ರಕಟಿಸಿದ್ದಾರೆ. ಮಠದ ಪಾಕಶಾಲೆಯಲ್ಲಿ ಹೊಗೆ ಶಾಖಗಳ ನಡುವೆ ದುಡಿಯುವವರ ಕಣ್ಣುಗಳ ಪರೀಕ್ಷೆ ಎಲ್ಲರಿಗಿಂತ ಮೊದಲು ಆಗಲಿ ಎಂದು ನನ್ನ ವಿಶೇಷ ಪ್ರಾರ್ಥನೆ. ಸಾವಿರಾರು ಜನರಿಗೆ ಬಡಿಸುವ ಅವರಿಗೆ ತಮ್ಮ ಕಣ್ಣು ತೋರಿಸಿಕೊಳ್ಳಲು ಬಿಡುವಾಗುವುದಿಲ್ಲ.

ಮೂರನೆಯದು ಅತ್ಯಂತ ಮುಖ್ಯವಾದುದು. ಶಿಬಿರ ಮುಗಿದ ಮೇಲಿನ ಕೆಲಸ. ನಾಳೆ ಸಂಜೆ ನಮ್ಮ ಕೈಯಲ್ಲಿ ಒಂದು ಪಟ್ಟಿ ಇರುತ್ತದೆ. ಆಸ್ಪತ್ರೆಗೆ ಹೋಗಬೇಕಾದವರ ಹೆಸರು, ವಿಳಾಸ, ದೂರವಾಣಿ ಸಂಖ್ಯೆ. ಯುವಕ ಮಂಡಲಿಯವರೂ ಭಜನಾ ಮಂಡಲಿಯ ತಾಯಂದಿರೂ ತಲಾ ಐದು ಹೆಸರುಗಳನ್ನು ತಮ್ಮ ಪಾಲಿಗೆ ವಹಿಸಿಕೊಳ್ಳಬೇಕು. ಒಂದು ವಾರದೊಳಗೆ ಒಮ್ಮೆ ದೂರವಾಣಿ. ಅವರು ಹೋಗದಿದ್ದರೆ ಮನೆಗೆ ಭೇಟಿ. ಜೊತೆಗೆ ಬರುವವರಿಲ್ಲದಿದ್ದರೆ ತಾವೇ ಒಡನಾಡಿಯಾಗಿ ಆಸ್ಪತ್ರೆಗೆ ಹೋಗುವುದು. ಮೂರು ತಿಂಗಳ ನಂತರ ಆ ಪಟ್ಟಿಯನ್ನು ಮತ್ತೆ ತೆರೆದು, ಯಾರಿಗೆ ಶಸ್ತ್ರಚಿಕಿತ್ಸೆಯಾಯಿತು, ಯಾರಿಗೆ ಕನ್ನಡಕ ಬಂತು, ಯಾರು ಹನಿಯನ್ನು ತಪ್ಪದೆ ಹಾಕಿಕೊಳ್ಳುತ್ತಿದ್ದಾರೆ ಎಂಬುದನ್ನು ಬರೆದಿಡಬೇಕು. ಗ್ಲಾಕೋಮಾ ಮತ್ತು ಮಧುಮೇಹ ಇರುವವರ ಹೆಸರುಗಳಂತೂ ಪಟ್ಟಿಯಿಂದ ಎಂದಿಗೂ ಹೋಗಬಾರದು. ಅವರು ಪ್ರತಿವರ್ಷ ಮತ್ತೆ ಬರಬೇಕಾದವರು.

ಮುಂದಿನ ವರ್ಷದ ಸಂಚಿಕೆಯಲ್ಲಿ ಶಿಬಿರದ ವರದಿ ಬರೆಯುವವರಿಗೆ ನನ್ನದೊಂದು ವಿಜ್ಞಾಪನೆ. 'ಇಷ್ಟು ಜನರ ತಪಾಸಣೆ ನಡೆಯಿತು' ಎಂದು ಬರೆದು ನಿಲ್ಲಿಸಬೇಡಿ. ಎಷ್ಟು ಮಂದಿಯನ್ನು ಆಸ್ಪತ್ರೆಗೆ ಕಳುಹಿಸಬೇಕಾಗಿತ್ತು, ಅವರಲ್ಲಿ ಎಷ್ಟು ಮಂದಿ ನಿಜವಾಗಿ ಹೋಗಿ ಚಿಕಿತ್ಸೆ ಪಡೆದರು ಎಂಬ ಎರಡು ಸಂಖ್ಯೆಗಳನ್ನೂ ಪಕ್ಕದಲ್ಲಿ ಬರೆಯಿರಿ. ಅವೆರಡೂ ಹತ್ತಿರ ಹತ್ತಿರವಿದ್ದರೆ ನಮ್ಮ ಸೇವೆ ಪೂರ್ಣವಾಯಿತೆಂದು ತಿಳಿಯೋಣ. ಅಂತರ ದೊಡ್ಡದಾಗಿದ್ದರೆ ಅದನ್ನೂ ಮುಚ್ಚಿಡದೆ ಬರೆಯೋಣ. ಮರುವರ್ಷದ ಕೆಲಸ ಅಲ್ಲಿಂದ ಆರಂಭವಾಗುತ್ತದೆ.

ನಾಳೆ ಬೆಳಿಗ್ಗೆ ತಮ್ಮೊಡನೆ ಬರುವ ಇನ್ನೊಬ್ಬರನ್ನು ಎದುರುನೋಡುತ್ತ ನನ್ನ ಮಾತನ್ನು ಮುಗಿಸುತ್ತೇನೆ.

ಶ್ರೀಕೃಷ್ಣಾರ್ಪಣಮಸ್ತು